ಬಾಣದ ಕಡ್ಡಿಗೆ ಬಿದಿರು ಹುಡುಕುವುದು ಹೇಗೆ? ಮೆಳೆಯಿಂದ ಬತ್ತಳಿಕೆಯವರೆಗೆ

ಮರದ ಬಿಲ್ಲೋ ಬಿದಿರಿನ ಬಿಲ್ಲೋ ಹಿಡಿದು ನಾಲ್ಕು ತಿಂಗಳು ಕಳೆದವರು ಕೇಳುವ ಪ್ರಶ್ನೆ ಒಂದೇ: ಬಾಣಕ್ಕೆ ಕಡ್ಡಿ ಎಲ್ಲಿ ಸಿಗುತ್ತದೆ? ಅಂಗಡಿಯ ಕಾರ್ಬನ್ ಬಾಣ ಬೇಡ, ಹಿಂದಿನವರಂತೆ ನೆಲದಲ್ಲಿ ಬೆಳೆದ ಕಡ್ಡಿಯಿಂದಲೇ ಮಾಡಬೇಕು ಎಂಬ ಆಸೆ ಒಳ್ಳೆಯದೇ. ಆದರೆ ಈ ಆಸೆ ಹೊತ್ತವರು ಸೀದಾ ಕಾಡಿನತ್ತ ಹೊರಡುತ್ತಾರೆ. ಅದು ಬೇಕಾಗಿಲ್ಲ. ಕರ್ನಾಟಕದಲ್ಲಿ ಬಾಣಕ್ಕೆ ಹೊಂದುವ ಕಡ್ಡಿ ಹೆಚ್ಚಾಗಿ ಸಿಗುವುದು ತೋಟದ ಬೇಲಿಯಲ್ಲಿ, ಮನೆಯ ಕಾಂಪೌಂಡಿನ ಅಂಚಿನಲ್ಲಿ, ಬಿದಿರು ನೆಟ್ಟು ಮೂರ್ನಾಲ್ಕು ವರ್ಷವಾದ ಹೊಲದ ಬದುವಿನಲ್ಲಿ, ಕೆರೆ ಕೋಡಿಯ ಕೆಳಗಿನ ಹಳ್ಳದಲ್ಲಿ. ಏನನ್ನು ನೋಡಬೇಕು ಎಂದು ಗೊತ್ತಿದ್ದರೆ ಒಂದೇ ಬೆಳಿಗ್ಗೆಯಲ್ಲಿ ಒಂದು ಡಜನ್ ಬಾಣಕ್ಕಾಗುವಷ್ಟು ಕಡ್ಡಿ ಸಿಗುತ್ತದೆ.

ಎಂಥ ಕಡ್ಡಿ ಬೇಕು?

ಮೊದಲು ಅಳತೆ. ಸಾಮಾನ್ಯ ವಯಸ್ಕರ ಬಾಣ 28ರಿಂದ 32 ಇಂಚು ಉದ್ದ. ನೀವು ಬಿಲ್ಲನ್ನು ಪೂರ್ತಿ ಎಳೆದಾಗ ಹೆದೆಯಿಂದ ಬಿಲ್ಲಿನ ಹಿಡಿಯವರೆಗೆ ಎಷ್ಟು ಬರುತ್ತದೋ ಅದಕ್ಕೆ ಒಂದೆರಡು ಇಂಚು ಸೇರಿಸಿದರೆ ನಿಮ್ಮ ಬಾಣದ ಉದ್ದ. ಹಸಿ ಕಡ್ಡಿಯನ್ನು ಮಾತ್ರ 40 ಇಂಚಿಗೆ, ಅಂದರೆ ಸುಮಾರು ಒಂದು ಮೀಟರಿಗೆ ಕತ್ತರಿಸಿಕೊಳ್ಳಿ. ಒಣಗುವಾಗ ತುದಿ ಸೀಳುವುದುಂಟು. ಗೆಣ್ಣು ಸರಿಯಾದ ಜಾಗಕ್ಕೆ ಬರುವಂತೆ ಆಚೀಚೆ ಸರಿಸಿ ಕತ್ತರಿಸಲೂ ಉಳಿಕೆ ಬೇಕು.

ದಪ್ಪ: 35ರಿಂದ 45 ಪೌಂಡ್ ಎಳೆತದ (ಎಳೆತ ಎಂದರೆ ಬಿಲ್ಲನ್ನು ಪೂರ್ತಿ ಎಳೆಯಲು ಬೇಕಾಗುವ ಬಲ) ಬಿಲ್ಲಿಗೆ ಒಣಗಿದ ಕಡ್ಡಿಯ ನಡು ಭಾಗ 8.5ರಿಂದ 10 ಮಿ.ಮೀ. ಇರಬೇಕು. ಹಸಿಯಲ್ಲಿ ಅರ್ಧದಿಂದ ಒಂದು ಮಿ.ಮೀ. ಹೆಚ್ಚಿರಲಿ, ಒಣಗಿದಾಗ ಅಷ್ಟು ಇಳಿಯುತ್ತದೆ. ಬುಡಕ್ಕೂ ತುದಿಗೂ ನಡುವಿನ ವ್ಯತ್ಯಾಸ 80 ಸೆಂ.ಮೀ.ಗೆ ಎರಡು ಮಿ.ಮೀ. ಮೀರಬಾರದು. ಮೀರಿದರೆ ಹೆದೆ ಕೂರುವ ಕಚ್ಚಿನ ಕಡೆ ತೀರಾ ಸಣ್ಣದಾಗಿ ಬಾಣ ಬಾಲ ಅಲ್ಲಾಡಿಸುತ್ತ ಹೋಗುತ್ತದೆ.

ಇನ್ನು ಗೆಣ್ಣು. ಒಂದು ಬಾಣದ ಉದ್ದಕ್ಕೆ ಎರಡರಿಂದ ನಾಲ್ಕು ಗೆಣ್ಣು ಇದ್ದರೆ ಚೆನ್ನ. ಗೆಣ್ಣಿಗೊಂದು ಸೊಟ್ಟ ಇದ್ದೇ ಇರುವುದರಿಂದ ಗೆಣ್ಣು ಹೆಚ್ಚಾದಷ್ಟೂ ನೇರ ಮಾಡುವ ಕೆಲಸ ಹೆಚ್ಚು. ಗೆಣ್ಣೇ ಇಲ್ಲದ ಕಡ್ಡಿ ಮಾತ್ರ ಬೇಗ ಸೀಳುತ್ತದೆ.

ಯಾವ ಗಿಡ?

ಪ್ರತಿ ನಾಡಿನ ಬಿಲ್ಲುಗಾರರೂ ತಮ್ಮಲ್ಲಿ ಬೆಳೆಯುವ ಸಣ್ಣ ಬಿದಿರನ್ನೇ ನಂಬಿಕೊಂಡಿದ್ದರು. ಜಪಾನಿನಲ್ಲಿ ಬಾಣಕ್ಕೆ ಯದಾಕೆ ಎಂಬ ಬಿದಿರು, ಅಮೆರಿಕದ ಆಗ್ನೇಯ ಭಾಗದ ಚೆರೊಕೀ ಜನರಿಗೆ ಹೊಳೆದಂಡೆಯ ರಿವರ್ ಕೇನ್. ಆ ಗಿಡಗಳನ್ನು ಇಲ್ಲಿ ಹುಡುಕುತ್ತ ಕೂರಬೇಡಿ. ನಮ್ಮಲ್ಲಿ ನೋಡಬೇಕಾದ್ದು ಇವು.

ಬೇಲಿ ಬಿದಿರು. ಸಸ್ಯಶಾಸ್ತ್ರದ ಹೆಸರು ಬಾಂಬೂಸಾ ಮಲ್ಟಿಪ್ಲೆಕ್ಸ್. ನರ್ಸರಿಗಳಲ್ಲಿ ಅಲಂಕಾರದ ಬಿದಿರು ಎಂದು ಮಾರುವ, ಮುಳ್ಳಿಲ್ಲದ, ಒತ್ತಾಗಿ ಬೆಳೆಯುವ ಜಾತಿ ಇದು. ಗಳ, ಅಂದರೆ ಬಿದಿರಿನ ಕಾಂಡ, ಒಂದರಿಂದ ಎರಡೂವರೆ ಸೆಂ.ಮೀ. ದಪ್ಪ. ಗೆಣ್ಣು ಉಬ್ಬಿರುವುದಿಲ್ಲ, ಗೆಣ್ಣುಗಳ ನಡುವೆ ಒಂದಡಿಗೂ ಹೆಚ್ಚು ಅಂತರ. ಗೋಡೆ ತೆಳುವೆಂದರೂ ಬಾಣಕ್ಕೆ ಸಾಕಷ್ಟಿದೆ. ಒಣಗಿದ 80 ಸೆಂ.ಮೀ. ಕಡ್ಡಿ ಸುಮಾರು 25 ಗ್ರಾಂ ತೂಗುತ್ತದೆ, 40 ಪೌಂಡ್ ಬಿಲ್ಲಿಗೆ ಹೇಳಿ ಮಾಡಿಸಿದಂಥ ತೂಕ. ಹೊಸಬರು ಇದರಿಂದಲೇ ಶುರು ಮಾಡಿ ಎಂಬುದು ನಮ್ಮ ಖಚಿತ ಸಲಹೆ. ಶಾಲೆ, ಪಾರ್ಕು, ರೆಸಾರ್ಟ್, ಹಳೆಯ ಬಂಗಲೆಗಳ ಬೇಲಿ ಸವರುವ ಮಾಲಿಗಳನ್ನು ಕೇಳಿ. ಅವರು ಕಸವೆಂದು ಎಸೆಯುವ ರಾಶಿಯಲ್ಲೇ ನಿಮ್ಮ ಬಾಣಗಳಿರುತ್ತವೆ.

ಕಿರುಬಿದಿರು, ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್. ಲಾಠಿ ಮಾಡುವ ಗಟ್ಟಿ ಬಿದಿರು ಇದೇ. ಒಣ ಕಲ್ಲುನೆಲದಲ್ಲಿ ಬೆಳೆದದ್ದು ಸಣ್ಣಗಿದ್ದು, ಒಳಗೆ ಟೊಳ್ಳು ಇಲ್ಲವೆನ್ನುವಷ್ಟು ತುಂಬಿಕೊಂಡಿರುತ್ತದೆ. ಮುರಿಯದ ಬಾಣ ಬೇಕಾದವರಿಗೆ ಇದು ಸರಿ, ಆದರೆ ತೂಕ 35 ಗ್ರಾಂ ದಾಟುತ್ತದೆ. 50 ಪೌಂಡಿಗಿಂತ ಮೇಲಿನ ಬಿಲ್ಲಿಗೆ ಇದನ್ನು ಇಟ್ಟುಕೊಳ್ಳಿ.

ಮರಿಹಾಳ ಬಿದಿರು. ಕರಾವಳಿ, ಮಲೆನಾಡು ಮತ್ತು ಕೊಂಕಣದ ರೈತರು ಬೆಳೆಯುವ ಮುಳ್ಳಿಲ್ಲದ ಗಟ್ಟಿ ಜಾತಿ. ಬೆಳೆದ ಮೆಳೆಯ ಗಳ ಬಾಣಕ್ಕೆ ದಪ್ಪವಾಯಿತು. ಆದರೆ ಹೊಸದಾಗಿ ನೆಟ್ಟ ಮೆಳೆಯಲ್ಲಿ ಮೊದಲ ವರ್ಷಗಳಲ್ಲಿ ಬರುವ ಗಳಗಳು ಬೆರಳು ಗಾತ್ರದವು. ಮೆಳೆ ಶುಚಿ ಮಾಡುವಾಗ ರೈತರು ಅವನ್ನು ಹೇಗೂ ಕಡಿದು ಹಾಕುತ್ತಾರೆ. ಕಿರುಬಿದಿರಿನ ಹೊಸ ತೋಟಕ್ಕೂ ಇದೇ ಮಾತು.

ವಾಟೆ, ಓಕ್ಲಾಂಡ್ರಾ ಕುಲದ್ದು. ಮಲೆನಾಡಿನ ಹಳ್ಳದ ದಂಡೆಗಳಲ್ಲಿ ಪೊದೆಯಾಗಿ ಬೆಳೆಯುವ ಇದರ ಗೆಣ್ಣಂತರ ತುಂಬಾ ಉದ್ದ. ಸಣ್ಣ ಗಳ ಸಿಕ್ಕರೆ ಒಂದೋ ಎರಡೋ ಗೆಣ್ಣಿನ ಸೊಗಸಾದ ಕಡ್ಡಿಯಾಗುತ್ತದೆ. ಗೋಡೆ ಮಾತ್ರ ತೆಳು, ಒತ್ತಿದರೆ ಸೀಳುತ್ತದೆ. ಎರಡೂ ತುದಿಗೆ ಬೆಣೆ ತುಂಬಿಸಿ ದಾರ ಸುತ್ತದೆ ಇದನ್ನು ಬಿಲ್ಲಿಗೆ ಏರಿಸಬೇಡಿ.

ಲಾಳದ ಕಡ್ಡಿ. ಕೆರೆ ಕಾಲುವೆಗಳ ಅಂಚಿನ ಎತ್ತರದ ಟೊಳ್ಳು ಹುಲ್ಲು, ಫ್ರಾಗ್ಮೈಟಿಸ್ ಮತ್ತು ಅರುಂಡೋ ಜಾತಿಯವು. ತುಂಬಾ ಹಗುರ, 80 ಸೆಂ.ಮೀ.ಗೆ ಹದಿನೈದು ಹದಿನಾರು ಗ್ರಾಂ. 30 ಪೌಂಡಿನೊಳಗಿನ ಬಿಲ್ಲಿಗೆ, ಮಕ್ಕಳ ಬಿಲ್ಲಿಗೆ ಸರಿ. ಮುಂತುದಿಗೆ ಗಟ್ಟಿ ಮರದ ತುಂಡು ಸೇರಿಸಲೇಬೇಕು. ಪ್ರಾಚೀನ ಈಜಿಪ್ಟಿನ ಬಾಣಗಳೂ ಹೀಗೇ ಇದ್ದವು, ಲಾಳದಂಥ ಟೊಳ್ಳು ಕಾಂಡಕ್ಕೆ ಗಟ್ಟಿ ಮರದ ಮುಂಭಾಗ.

ಬಿಡಬೇಕಾದ್ದೂ ಇವೆ. ಬೆತ್ತ ಬೇಡ. ಅದು ಭಾರ, ಬಳುಕು ಹೆಚ್ಚು, ಒಮ್ಮೆ ಬಾಗಿದರೆ ಬಾಗಿದ ಹಾಗೇ ಉಳಿಯುತ್ತದೆ. ಕಂದು ಬಣ್ಣದ ಕಡುಬಿನಂಥ ಹೂಗೊಂಚಲು ಬಿಡುವ ಕೆರೆಯ ಜೊಂಡು ಬೇಡ, ಅದರಲ್ಲಿ ಗೆಣ್ಣೇ ಇಲ್ಲ, ಒಳಗೆ ಸ್ಪಂಜು. ಹೆಬ್ಬಿದಿರಿನ ಕೊಂಬೆಗಳು ನೋಡಲು ಸರಿಯಾದ ದಪ್ಪವಿದ್ದರೂ ಗೆಣ್ಣು ಗೆಣ್ಣಿಗೆ ಅಂಕುಡೊಂಕು, ಜೊತೆಗೆ ಮುಳ್ಳು. ಅವುಗಳ ಹಿಂದೆ ಬಿದ್ದು ದಿನ ಕಳೆಯಬೇಡಿ.

ನಿಮ್ಮ ಊರಿನಲ್ಲಿ ಬುಟ್ಟಿ, ಮೊರ ಹೆಣೆಯುವ ಮೇದಾರರಿದ್ದರೆ ಅವರನ್ನು ಕೇಳುವುದು ಎಲ್ಲಕ್ಕಿಂತ ಸುಲಭದ ದಾರಿ. ಯಾವ ಮೆಳೆ ಎಲ್ಲಿದೆ, ಯಾರ ಬದುವಿನ ಬಿದಿರು ನೇರ ಸೀಳುತ್ತದೆ ಎಂಬುದು ಅವರಿಗೆ ಗೊತ್ತು. “ಒಂದು ಮೀಟರಿನ ಸಣ್ಣ ಗಳ, ಬಲಿತದ್ದು, ಕಿರುಬೆರಳು ಗಾತ್ರ” ಎಂದು ಹೇಳಿ. ತಂದುಕೊಟ್ಟರೆ ಕೇಳಿದ ಬೆಲೆ ಕೊಡಿ.

ಕಾಡಿಗೆ ಕೈ ಹಾಕುವ ಮುನ್ನ

ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯದೊಳಗಿಂದ ಒಂದು ಕಡ್ಡಿಯನ್ನೂ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ಅನ್ವಯಿಸುತ್ತದೆ. ಮೀಸಲು ಅರಣ್ಯದಲ್ಲೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು ಮತ್ತು ಬೆತ್ತವನ್ನು ಕಿರು ಅರಣ್ಯ ಉತ್ಪನ್ನವೆಂದು ಎಣಿಸಿ, ಸಂಗ್ರಹಿಸುವ ಹಕ್ಕನ್ನು ಅರಣ್ಯವಾಸಿ ಬುಡಕಟ್ಟು ಮತ್ತು ಪಾರಂಪರಿಕ ಅರಣ್ಯವಾಸಿಗಳಿಗೆ ಕೊಟ್ಟಿದೆ. ಊರಿಂದ ಹೋದ ಹವ್ಯಾಸಿಗಳಿಗೆ ಅಲ್ಲ. 2017ರ ತಿದ್ದುಪಡಿಯಲ್ಲಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಭಾರತೀಯ ಅರಣ್ಯ ಕಾಯ್ದೆಯ ‘ಮರ’ ಎಂಬ ವ್ಯಾಖ್ಯೆಯಿಂದ ತೆಗೆಯಲಾಯಿತು. ಆದರೂ ಕರ್ನಾಟಕಕ್ಕೆ ತನ್ನದೇ ಆದ 1963ರ ಅರಣ್ಯ ಕಾಯ್ದೆ ಇದೆ. ಆದ್ದರಿಂದ ಖಾಸಗಿ ಜಮೀನಿನ ಬಿದಿರನ್ನೂ ವಾಹನದಲ್ಲಿ ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಜಮೀನಿನ ಮಾಲೀಕರಿಂದ ಒಂದು ಚೀಟಿ ಬರೆಸಿಕೊಳ್ಳಿ. ಇಲ್ಲಿ ಹೇಳುತ್ತಿರುವುದೆಲ್ಲ ಗುರಿ ಹಲಗೆಗೆ ಹೊಡೆಯುವ ಬಾಣಗಳ ಮಾತು. ಬಾಣ ಹಿಡಿದು ಪ್ರಾಣಿ ಹಕ್ಕಿಗಳ ಬೇಟೆಗೆ ಹೋಗುವುದು ಅಪರಾಧ.

ಜೊತೆಗೆ ಒಯ್ಯಬೇಕಾದ್ದು

ಸಣ್ಣ ಹಲ್ಲಿನ ಮಡಚುವ ಗರಗಸ, ಕೊಂಬೆ ಸವರುವ ಕತ್ತರಿ, ಟೇಪು, ಸೆಣಬಿನ ಹಗ್ಗ, ದಪ್ಪ ಕೈಗವಸು, ತುಂಬು ತೋಳಿನ ಅಂಗಿ. ಇವುಗಳ ಜೊತೆಗೆ ಮನೆಯಲ್ಲೇ ಮಾಡಿದ ಒಂದು ಅಳತೆ ಪಟ್ಟಿ. ಅಂಗೈಯಗಲದ ಪ್ಲೈವುಡ್ ತುಂಡಿನ ಅಂಚಿನಲ್ಲಿ 8, 9, 10, 11 ಮಿ.ಮೀ. ಅಗಲದ ನಾಲ್ಕು ಕಚ್ಚು ಕೊಯ್ದುಕೊಳ್ಳಿ. ಗಳ 10ರ ಕಚ್ಚಿನಲ್ಲಿ ಕೂತು 9ರಲ್ಲಿ ಕೂರದಿದ್ದರೆ ಕಡಿಯಬಹುದು. ಮೆಳೆಯೊಳಗೆ ಕಣ್ಣಂದಾಜು ತುಂಬ ಮೋಸ ಮಾಡುತ್ತದೆ. ದಪ್ಪ ಗಳಗಳ ನಡುವೆ ನಿಂತ 13 ಮಿ.ಮೀ. ಕಡ್ಡಿ ಸಣ್ಣದಾಗಿಯೇ ಕಾಣುತ್ತದೆ.

ಹಂತ 1: ಕಾಲ ನೋಡಿ

ನವೆಂಬರಿನಿಂದ ಜನವರಿ ಕೊನೆಯವರೆಗೆ ಕಡಿಯಿರಿ. ಮುಂಗಾರಿನಲ್ಲಿ ಕಳಲೆ ಎದ್ದು ಬೆಳೆಯುವಾಗ ಗಿಡ ತಾನು ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿರುತ್ತದೆ. ಮಳೆ ನಿಂತ ಮೇಲೆ ಗಳದಲ್ಲಿ ಪಿಷ್ಟವೂ ಕಡಿಮೆ, ನೀರೂ ಕಡಿಮೆ. ಮಾರ್ಚ್ ದಾಟಿತೆಂದರೆ ಮುಂದಿನ ಕಳಲೆಗಾಗಿ ಪಿಷ್ಟ ಮತ್ತೆ ತುಂಬುತ್ತದೆ. ಬಿದಿರು ಕೊರೆಯುವ ಹುಳುವಿಗೆ ಈ ಪಿಷ್ಟವೇ ಊಟ. ಏಪ್ರಿಲ್‌ನಲ್ಲಿ ಕಡಿದ ಕಡ್ಡಿಯ ಕೆಳಗೆ ಜೂನ್‌ನಲ್ಲಿ ಗೋಧಿ ಹಿಟ್ಟಿನಂಥ ಪುಡಿ ಬೀಳುವುದು ಇದಕ್ಕೇ. ಅಮಾವಾಸ್ಯೆ ಹತ್ತಿರ ಕಡಿಯಬೇಕೆಂಬ ರೂಢಿ ಹಲವು ಕಡೆ ಇದೆ. ಪಾಲಿಸಿದರೆ ನಷ್ಟವಿಲ್ಲ. ಆದರೆ ತಿಂಗಳು ತಪ್ಪಿದ್ದನ್ನು ತಿಥಿ ಸರಿಮಾಡುವುದಿಲ್ಲ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಡೆಯವರಿಗೆ ಒಂದು ಎಚ್ಚರಿಕೆ. ಕಡಿಯುವ ಈ ತಿಂಗಳುಗಳೇ ಮಂಗನ ಕಾಯಿಲೆ ತಲೆ ಎತ್ತುವ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣ್ಣಿ ಕಡಿತದಿಂದ ಹರಡುತ್ತದೆ. ಕಾಡಂಚಿನ ತೋಟಕ್ಕೆ ಹೋಗುವುದಾದರೆ ಉಣ್ಣಿ ತಡೆಯುವ ಎಣ್ಣೆ ಹಚ್ಚಿಕೊಳ್ಳಿ, ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ಸೇರಿಸಿ, ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಮೈ ತೊಳೆದು ಬಟ್ಟೆ ಒಗೆಯಿರಿ. ಮಂಗ ಸತ್ತ ಸುದ್ದಿ ಇರುವ ಊರಿನ ಕಡೆ ಆ ವರ್ಷ ಹೋಗಲೇಬೇಡಿ. ವಾಟೆಯ ಪೊದೆಯಲ್ಲಿ ಹಸಿರು ಗುಳಿಮಂಡಲ ಹಾವು ಕೊಂಬೆಗೆ ಸುತ್ತಿಕೊಂಡಿದ್ದರೆ ಎಲೆಯಿಂದ ಬೇರೆಯಾಗಿ ಕಾಣುವುದಿಲ್ಲ. ಕೈ ಹಾಕುವ ಮುನ್ನ ಉದ್ದ ಕೋಲಿನಿಂದ ಪೊದೆ ಅಲ್ಲಾಡಿಸಿ.

ಹಂತ 2: ಬಲಿತ ಗಳ ಗುರುತಿಸಿ

ಹೆಚ್ಚಿನವರು ಎಡವುವುದು ಇಲ್ಲಿ. ಸಣ್ಣಗಿರುವುದೆಲ್ಲ ಎಳೆಯದು ಎಂದು ತಿಳಿಯುತ್ತಾರೆ, ಇನ್ನೊಂದು ವರ್ಷಕ್ಕೆ ದಪ್ಪವಾದೀತು ಎಂದು ಕಾಯುತ್ತಾರೆ. ಬಿದಿರು ಮರದ ಹಾಗೆ ವರ್ಷ ವರ್ಷ ದಪ್ಪವಾಗುವುದಿಲ್ಲ. ಕಳಲೆ ನೆಲದಿಂದ ಎದ್ದಾಗ ಯಾವ ದಪ್ಪವೋ ಕೊನೆಯವರೆಗೂ ಅದೇ ದಪ್ಪ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ. ಅಲ್ಲಿಂದ ಮುಂದಿನ ಎರಡು ಮೂರು ವರ್ಷ ನಡೆಯುವುದು ಒಳಗಿನ ನಾರು ಗಟ್ಟಿಯಾಗುವ ಕೆಲಸ ಮಾತ್ರ. ನಿಮಗೆ ಬೇಕಾದದ್ದು ದಪ್ಪದಲ್ಲಿ ಸಣ್ಣ, ವಯಸ್ಸಿನಲ್ಲಿ ಮೂರು ವರ್ಷ ದಾಟಿದ ಗಳ.

ವಯಸ್ಸು ಹೀಗೆ ತಿಳಿಯುತ್ತದೆ. ಒಂದನೇ ವರ್ಷದ ಗಳ ಕಡು ಹಸಿರು. ಗೆಣ್ಣಿನ ಕೆಳಗೆ ಬೂದಿಯಂಥ ಬಿಳಿ ಪುಡಿ ಇರುತ್ತದೆ, ಒಣಗಿದ ಪೊರೆ ಇನ್ನೂ ಗಳವನ್ನು ಹಿಡಿದಿರುತ್ತದೆ. ಎರಡನೇ ವರ್ಷ ಪೊರೆ ಬಿದ್ದು ಕೊಂಬೆ ತುಂಬುತ್ತದೆ. ಮೂರು ದಾಟಿದರೆ ಹಸಿರು ಮಾಸಿ ಹಳದಿಗೆ ತಿರುಗುತ್ತದೆ, ಚರ್ಮದ ಮೇಲೆ ಅಲ್ಲಲ್ಲಿ ಬೂದು ಬಣ್ಣದ ಕಲ್ಲುಹೂವಿನ ಮಚ್ಚೆ ಕಾಣುತ್ತದೆ. ಉಗುರಿನಿಂದ ಗೀರಿದರೆ ಎಳೆಯದರಲ್ಲಿ ಗೆರೆ ಮೂಡುತ್ತದೆ, ಬಲಿತದ್ದರಲ್ಲಿ ಉಗುರು ಜಾರುತ್ತದೆ. ಚಾಕುವಿನ ಹಿಡಿಯಿಂದ ತಟ್ಟಿದರೆ ಬಲಿತದ್ದು ಟಣ್ ಎನ್ನುತ್ತದೆ. ಎಳೆಯ ಗಳ ಒಣಗಿದಾಗ ಚರ್ಮ ಸುಕ್ಕುಗಟ್ಟಿ, ಗೆಣ್ಣುಗಳ ನಡುವೆ ಕುಗ್ಗಿ, ಕೈಯಲ್ಲೇ ಮುರಿಯುವಷ್ಟು ದುರ್ಬಲವಾಗುತ್ತದೆ. ಲಾಳದ ಕಡ್ಡಿಗೆ ಮೂರು ವರ್ಷ ಬೇಡ, ಎರಡನೇ ಚಳಿಗಾಲ ಕಂಡ ಹೊಂಬಣ್ಣದ ಕಡ್ಡಿ ಸಾಕು.

ಮೆಳೆಯ ಯಾವ ಭಾಗದಲ್ಲಿ ಹುಡುಕಬೇಕು? ಒಳಗಡೆ. ಅಂಚಿನ ಗಳಗಳಿಗೆ ಬೆಳಕು ಧಾರಾಳವಾಗಿ ಸಿಗುವುದರಿಂದ ಅವು ಕೆಳಗಿನಿಂದಲೇ ಕೊಂಬೆ ಒಡೆದು ಹೊರಕ್ಕೆ ಬಾಗುತ್ತವೆ. ಒತ್ತಿನಲ್ಲಿ ಸಿಕ್ಕವು ಬೆಳಕಿಗಾಗಿ ನೇರ ಮೇಲೇರುತ್ತವೆ, ಗೆಣ್ಣಂತರ ಉದ್ದ, ಎದೆಮಟ್ಟದವರೆಗೆ ಕೊಂಬೆ ಇರುವುದಿಲ್ಲ. ನೆರಳಿನ ಬೇಲಿಯ ಕಡ್ಡಿ ಬಿಸಿಲಿನ ಬೇಲಿಗಿಂತ ನೇರ. ಕಡ್ಡಿ ತೆಗೆಯಬೇಕಾದದ್ದು ಮೊಣಕಾಲಿನಿಂದ ತಲೆ ಮಟ್ಟದೊಳಗಿನ ಭಾಗದಿಂದ. ಬುಡದ ಒಂದಡಿ ಗೆಣ್ಣು ಒತ್ತೊತ್ತಾಗಿರುತ್ತದೆ, ಮೇಲೆ ಹೋದಂತೆ ಬೇಗ ಸಣ್ಣದಾಗುತ್ತದೆ.

ಹೂ ಬಿಟ್ಟ ಮೆಳೆ ಕಂಡರೆ ಮುಂದೆ ಹೋಗಿ. ಒಟ್ಟಾಗಿ ಹೂ ಬಿಟ್ಟ ಬಿದಿರು ಸಾಯುತ್ತದೆ, ನಿಂತಲ್ಲೇ ಒಣಗಿದ ಗಳದೊಳಗೆ ಹುಳುವೂ ಬೂಷ್ಟೂ ಸೇರಿರುತ್ತದೆ. ನಿಂತಲ್ಲೇ ಒಣಗಿದೆ, ಕೆಲಸ ಉಳಿಯಿತು ಎಂದು ಅದನ್ನು ತಂದವರ ಬಾಣಗಳು ಮೊದಲ ವಾರದಲ್ಲೇ ಮುರಿಯುತ್ತವೆ.

ಹಂತ 3: ಕಡಿಯುವುದು

ನೆಲದ ಮೇಲಿನ ಒಂದನೇ ಅಥವಾ ಎರಡನೇ ಗೆಣ್ಣಿನ ಮೇಲೆ, ಗೆಣ್ಣಿಗೆ ತಾಗಿದಂತೆ ಗರಗಸದಿಂದ ಕೊಯ್ಯಿರಿ. ಗೆಣ್ಣಿಗಿಂತ ಎತ್ತರದಲ್ಲಿ ಕಡಿದರೆ ಉಳಿದ ಕೊಳವೆಯಲ್ಲಿ ಮಳೆನೀರು ನಿಂತು ಬುಡ ಕೊಳೆಯುತ್ತದೆ, ಸೊಳ್ಳೆಗೂ ಮನೆಯಾಗುತ್ತದೆ. ಮಚ್ಚಿನ ಏಟು ಬೇಡ, ಸಣ್ಣ ಗಳ ಒಂದು ಗೇಣು ಉದ್ದಕ್ಕೆ ಸೀಳಿಬಿಡುತ್ತದೆ. ಕೊಂಬೆಯನ್ನು ಕೈಯಿಂದ ಎಳೆದು ಕೀಳಬೇಡಿ. ಕಿತ್ತರೆ ಗೆಣ್ಣಿನ ಕೆಳಗಿನ ಚರ್ಮ ಪಟ್ಟಿಯಾಗಿ ಎದ್ದು ಬರುತ್ತದೆ, ಆ ಕಡ್ಡಿ ಅಲ್ಲಿಗೆ ಮುಗಿಯಿತು. ಕತ್ತರಿಯಿಂದ ಎರಡು ಮಿ.ಮೀ. ಬಿಟ್ಟು ಸವರಿ.

ಒಂದು ಮೆಳೆಯ ಬಲಿತ ಗಳಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ತೆಗೆಯಬೇಡಿ. ಒಂದನೇ ವರ್ಷದವನ್ನು ಮುಟ್ಟಬೇಡಿ, ಮುಂದಿನ ಕಳಲೆಗೆ ಆಹಾರ ಕೊಡುವವು ಅವೇ. 12 ಬಾಣ ಬೇಕಿದ್ದರೆ 40 ಕಡ್ಡಿ ತನ್ನಿ. ಒಣಗುವಾಗ, ನೇರ ಮಾಡುವಾಗ, ಜೊತೆ ಹೊಂದಿಸುವಾಗ ಉಳಿದವು ಹೋಗುತ್ತವೆ. ಕಡ್ಡಿಯ ಬುಡದ ಕಡೆಗೆ ಅಲ್ಲೇ ಪೆನ್ಸಿಲ್ ಗುರುತು ಹಾಕಿ, ಒಣಗಿದ ಮೇಲೆ ಬುಡ ಯಾವುದು ತುದಿ ಯಾವುದು ಎಂದು ಹೇಳುವುದು ಕಷ್ಟ.

ಹಂತ 4: ಒಣಗಿಸುವುದು

ಹುಳುವಿನ ಭಯವಿದ್ದರೆ ಮೊದಲು ನೀರಿಗೆ ಹಾಕಿ. ಹರಿಯುವ ಹಳ್ಳದಲ್ಲಿ ಎರಡು ಮೂರು ವಾರ ಕಲ್ಲು ಹೇರಿ ಮುಳುಗಿಸಿಟ್ಟರೆ ಪಿಷ್ಟ ಕರಗಿ ಹೋಗುತ್ತದೆ. ತೊಟ್ಟಿಯಲ್ಲಾದರೆ ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸದೆ ಹೋದರೆ ಮನೆಯವರು ನಿಮ್ಮನ್ನೂ ಕಡ್ಡಿಯನ್ನೂ ಹೊರಗೆ ಕಳಿಸುವಷ್ಟು ನಾತ ಬರುತ್ತದೆ. ಇನ್ನೊಂದು ದಾರಿ ಬಿಳಿಗಾರ ಮತ್ತು ಬೋರಿಕ್ ಆಸಿಡ್ ದ್ರಾವಣ. ಹತ್ತು ಲೀಟರ್ ನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಒಂದು ವಾರ ನೆನೆಸಿ. ಈ ನೀರನ್ನು ಮಕ್ಕಳು ದನಕರುಗಳಿಂದ ದೂರವಿಡಿ, ಗಿಡದ ಬುಡಕ್ಕೂ ಸುರಿಯಬೇಡಿ.

ನೀರಿನಿಂದ ತೆಗೆದ ಮೇಲೆ ಹದಿನೈದು ಇಪ್ಪತ್ತು ಕಡ್ಡಿಯ ಕಟ್ಟು ಮಾಡಿ, ಬುಡ ತುದಿ ಅದಲು ಬದಲಾಗಿ ಜೋಡಿಸಿ, ಗೇಣಿಗೊಂದು ಕಡೆ ಹಗ್ಗ ಬಿಗಿಯಿರಿ. ಒತ್ತಿನಲ್ಲಿ ಒಣಗುವಾಗ ಒಂದನ್ನೊಂದು ನೇರ ಹಿಡಿಯುತ್ತವೆ. ಕಡ್ಡಿ ಒಣಗುತ್ತ ಸಣ್ಣದಾಗುವುದರಿಂದ ವಾರಕ್ಕೊಮ್ಮೆ ಹಗ್ಗ ಮತ್ತೆ ಬಿಗಿಯಬೇಕು. ಇದನ್ನು ಮರೆತರೆ ಕಟ್ಟಿ ಉಪಯೋಗವಿಲ್ಲ. ನೆರಳಿನಲ್ಲಿ, ಗಾಳಿ ಆಡುವ ಕಡೆ, ನೆಲಕ್ಕೆ ತಾಗದಂತೆ ಎರಡು ಮೂರು ತಿಂಗಳು ಇಡಿ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಹೊಗೆ ಹುಳುವನ್ನು ದೂರ ಇಡುತ್ತದೆ, ಬಿಸಿ ನಿಧಾನಕ್ಕೆ ತೇವ ಎಳೆಯುತ್ತದೆ. ಬಿಸಿಲಿಗೆ ಹಾಕಿದರೆ ಹೊರಗಿನ ಚರ್ಮ ಮೊದಲು ಒಣಗಿ ಉದ್ದುದ್ದ ಸೀಳುತ್ತದೆ.

ಒಣಗಿತೆಂದು ತಿಳಿಯುವುದು ಹೇಗೆ? ಒಂದು ಕಡ್ಡಿಗೆ ಗುರುತು ಮಾಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಎರಡು ವಾರ ತೂಕ ಬದಲಾಗದಿದ್ದರೆ ಒಣಗಿದೆ.

ಹಂತ 5: ಬಿಸಿಯಲ್ಲಿ ನೇರ ಮಾಡುವುದು

ಇದ್ದಲ ಕೆಂಡ, ಸಣ್ಣ ಉರಿಯ ಗ್ಯಾಸ್ ಒಲೆ, ಹೀಟ್ ಗನ್, ಯಾವುದಾದರೂ ಆಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ತೇವ ಉಳಿದ ಕಡ್ಡಿಯ ಮುಚ್ಚಿದ ಗೆಣ್ಣಂತರದೊಳಗೆ ಆವಿ ತುಂಬಿ ಪಟಾಕಿಯಂತೆ ಸಿಡಿಯುತ್ತದೆ.

ಉರಿಯಿಂದ ಒಂದು ಗೇಣು ಮೇಲೆ ಕಡ್ಡಿಯನ್ನು ತಿರುಗಿಸುತ್ತ ಹಿಡಿಯಿರಿ. ಚರ್ಮದ ಮೇಲೆ ಮೇಣದಂಥ ಜಿಡ್ಡು ಹೊಳೆಯತೊಡಗಿದಾಗ ಅದು ಮಣಿಯುವ ಹದಕ್ಕೆ ಬಂದಿದೆ. ಮೊದಲು ಗೆಣ್ಣುಗಳ ನಡುವಿನ ಉದ್ದನೆಯ ಬಾಗನ್ನು ತೆಗೆಯಿರಿ, ಆಮೇಲೆ ಗೆಣ್ಣಿನ ಸೊಟ್ಟಕ್ಕೆ ಬನ್ನಿ. ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬಾಗಿಸಿ, ಅರ್ಧ ನಿಮಿಷ ಹಾಗೇ ಹಿಡಿದು, ಒದ್ದೆ ಬಟ್ಟೆಯಿಂದ ಒರೆಸಿ ತಣಿಸಿ. ಗೆಣ್ಣಿನ ಹತ್ತಿರ ಕೈಗೆ ಬಲ ಸಾಲದು. ಒಂದಡಿ ಉದ್ದದ ಗಟ್ಟಿ ಮರದ ತುಂಡಿಗೆ ಓರೆಯಾಗಿ ಒಂದು ಸೆಂ.ಮೀ. ಕಚ್ಚು ಕೊಯ್ದು, ಅಂಚು ನುಣುಪು ಮಾಡಿ, ಅದರಲ್ಲಿ ಕಡ್ಡಿ ಸಿಕ್ಕಿಸಿ ಮಣಿಸಿ. ತಣ್ಣಗಿರುವ ಗೆಣ್ಣನ್ನು ಮಣಿಸಲು ಹೋದರೆ ಒಳಬಾಗಿನ ನಾರು ಮಡಚಿ ಸಣ್ಣ ಸುಕ್ಕು ಬೀಳುತ್ತದೆ. ಅಂಥ ಕಡ್ಡಿಯನ್ನು ಒಲೆಗೆ ಹಾಕಿ, ಬಿಲ್ಲಿಗೆ ಅಲ್ಲ.

ಕಡ್ಡಿ ತೆಳು ಜೇನುಬಣ್ಣಕ್ಕೆ ಬಂದರೆ ಒಳ್ಳೆಯದೇ, ಬಿರುಸು ಸ್ವಲ್ಪ ಹೆಚ್ಚುತ್ತದೆ. ಕಪ್ಪಾದರೆ ಆ ಜಾಗ ಪೆಡಸಾಗಿ ಮುರಿಯುತ್ತದೆ. ಒಂದೇ ಸಲಕ್ಕೆ ಮುಗಿಯುವ ಕೆಲಸ ಇದಲ್ಲ. ರಾತ್ರಿ ಕಳೆದರೆ ಕಡ್ಡಿ ತುಸು ಹಿಂದಕ್ಕೆ ತಿರುಗಿರುತ್ತದೆ. ವಾರದಲ್ಲಿ ಎರಡು ಮೂರು ಸಲ ನೋಡಿ ತಿದ್ದಿ. ಗಾಜಿನ ಮೇಲೆ ಉರುಳಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ಎರಡು ತುದಿ ಒಂದೇ ಗೆರೆಯಲ್ಲಿದ್ದು ನಡುವಿನ ಗೆಣ್ಣು ತುಸು ಆಚೀಚೆ ಇದ್ದರೆ ಚಿಂತೆ ಬೇಡ, ಬಾಣ ಸರಿಯಾಗಿಯೇ ಹಾರುತ್ತದೆ.

ಆಮೇಲೆ ಗೆಣ್ಣಿನ ಉಬ್ಬನ್ನು ಅರದಿಂದ, ಮರಳು ಕಾಗದದಿಂದ ಸವರಿ. ಚರ್ಮದ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ. ಹೊಳೆಯುವ ಹೊರಚರ್ಮವನ್ನು ಕೆರೆಯಲೇಬೇಡಿ. ಬಿದಿರಿನ ನಾರು ಅತಿ ಒತ್ತಾಗಿರುವುದು ಚರ್ಮದ ಕೆಳಗೇ. ನುಣುಪಿನ ಆಸೆಗೆ ಅರ್ಧ ಮಿ.ಮೀ. ಉಜ್ಜಿದರೂ ಕಡ್ಡಿಯ ಬಲದ ದೊಡ್ಡ ಪಾಲು ಹೋಯಿತು.

ಹಂತ 6: ಬಿರುಸು ಅಳೆದು ಜೊತೆ ಹೊಂದಿಸುವುದು

ಹೆದೆ ಬಿಟ್ಟಾಗ ಬಾಣ ಬಿಲ್ಲಿನ ಹಿಡಿಯನ್ನು ಬಳಸಿ ಬಳುಕುತ್ತ ಹೋಗುತ್ತದೆ. ಬಿಲ್ಲಿನ ಎಳೆತಕ್ಕೆ ತಕ್ಕಷ್ಟೇ ಬಳುಕಬೇಕು. ಈ ಬಿರುಸನ್ನು ಬಿಲ್ಲುಗಾರರು ಸ್ಪೈನ್ ಎನ್ನುತ್ತಾರೆ. ತೀರಾ ಬಿರುಸಾದರೆ, ಬಲಗೈಯಲ್ಲಿ ಎಳೆಯುವವರ ಬಾಣ ಎಡಕ್ಕೆ ಹೋಗುತ್ತದೆ, ತೀರಾ ಬಳುಕಿದರೆ ಬಲಕ್ಕೆ.

ಅಳೆಯಲು ಯಂತ್ರ ಬೇಡ. ಹಲಗೆಯ ಮೇಲೆ 66 ಸೆಂ.ಮೀ. ಅಂತರದಲ್ಲಿ ಎರಡು ಮೊಳೆ ಹೊಡೆದು ಕಡ್ಡಿಯನ್ನು ಅವುಗಳ ಮೇಲಿಡಿ. ನಡುವಿಗೆ 907 ಗ್ರಾಂ ತೂಗುಹಾಕಿ. ನೀರು ತುಂಬಿದ ಬಾಟಲಿಯನ್ನು ಕೊಕ್ಕೆ ಸಮೇತ ಅಷ್ಟಕ್ಕೆ ತೂಗಿಟ್ಟುಕೊಂಡರೆ ಸಾಕು. ಕಡ್ಡಿ ಎಷ್ಟು ಮಿ.ಮೀ. ಕೆಳಗಿಳಿಯಿತು ಎಂದು ಸ್ಕೇಲಿನಲ್ಲಿ ನೋಡಿ. 22 ಮಿ.ಮೀ. ಇಳಿದರೆ 30 ಪೌಂಡಿನ ಬಿರುಸು, 19 ಇಳಿದರೆ 35, 16.5 ಇಳಿದರೆ 40, 14.7 ಇಳಿದರೆ 45, 13.2 ಇಳಿದರೆ 50, 11 ಇಳಿದರೆ 60. ಈ ಲೆಕ್ಕ 28 ಇಂಚಿನ ಬಾಣಕ್ಕೆ. ಅದಕ್ಕಿಂತ ಉದ್ದವಾದ ಪ್ರತಿ ಇಂಚಿಗೆ ಐದು ಪೌಂಡ್ ಹೆಚ್ಚು ಬಿರುಸಿನ ಕಡ್ಡಿ ಆರಿಸಿ. ಬಾಣ ಕೂರಲು ಕಚ್ಚು ಕೊರೆಯದ ಸಾದಾ ಬಿಲ್ಲಿಗೆ ಐದು ಪೌಂಡ್ ಕಡಿಮೆ ಇಟ್ಟುಕೊಳ್ಳಿ.

ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಎರಡೂ ಕಡೆ ಒಂದೇ ಬರುವುದಿಲ್ಲ. ಹೆಚ್ಚು ಬಿರುಸಾದ ಬದಿಗೆ ಗುರುತು ಹಾಕಿ, ಆ ಬದಿ ಬಿಲ್ಲಿಗೆ ಒರಗಬೇಕು. ಕೊನೆಗೆ ಬಿರುಸಿನಲ್ಲಿ ಎರಡು ಮಿ.ಮೀ., ತೂಕದಲ್ಲಿ ಎರಡು ಗ್ರಾಂ ಒಳಗಿನ ಅಂತರವಿರುವ ಕಡ್ಡಿಗಳನ್ನು ಒಂದು ಗುಂಪು ಮಾಡಿ. ನೋಡಲು ಒಂದೇ ಥರ ಇರುವ ಕಡ್ಡಿಗಳಿಗಿಂತ ಅಳತೆಯಲ್ಲಿ ಒಂದೇ ಇರುವ ಕಡ್ಡಿಗಳು ಗುರಿಗೆ ಒಟ್ಟಿಗೆ ಬೀಳುತ್ತವೆ.

ಹಂತ 7: ಎರಡು ತುದಿಗಳು

ದಪ್ಪ ಬುಡ ಮುಂದಕ್ಕೆ, ಸಣ್ಣ ತುದಿ ಹೆದೆಯ ಕಡೆಗೆ. ಹೆದೆ ಕೂರುವ ಕಚ್ಚನ್ನು ಗೆಣ್ಣಿನ ಮೇಲೆಯೇ ತೆಗೆಯಬೇಕು. ಗೆಣ್ಣಿನಿಂದ 14 ಮಿ.ಮೀ. ಬಿಟ್ಟು ಕಡ್ಡಿ ಕತ್ತರಿಸಿ, 8 ಮಿ.ಮೀ. ಆಳದ ಸೀಳು ಕೊಯ್ದರೆ ಕೆಳಗಿರುವ ಗೆಣ್ಣು ಸೀಳನ್ನು ತಡೆದು ಹಿಡಿಯುತ್ತದೆ. ಸೀಳು, ಬಿರುಸಿನ ಬದಿಗೆ ಹಾಕಿದ ಗುರುತಿಗೆ ಅಡ್ಡಲಾಗಿರಲಿ. ಟೊಳ್ಳಿದ್ದರೆ ಮೊದಲು ಬಿದಿರಿನ ಬೆಣೆಗೆ ಅಂಟು ಹಚ್ಚಿ ತುಂಬಿಸಿ ಆಮೇಲೆ ಕೊಯ್ಯಿರಿ. ಸೀಳಿನ ಬುಡದಲ್ಲಿ ಒಂದು ಸೆಂ.ಮೀ. ಉದ್ದಕ್ಕೆ ನೂಲು ಸುತ್ತಿ ಅಂಟು ಸವರಿ. ಹೆಚ್ಚಿನ ಬಿದಿರು ಬಾಣಗಳು ಒಡೆಯುವುದು ಈ ಎರಡು ಸೆಂ.ಮೀ. ಜಾಗದಲ್ಲೇ.

ಮುಂತುದಿಗೆ ಬೆಣೆಯಾಗಿ ಅಡಿಕೆ ದಬ್ಬೆ ಬಹಳ ಚೆನ್ನಾಗಿ ಆಗುತ್ತದೆ. ಹೊರಪದರದ ಕಪ್ಪು ನಾರಿನ ಭಾಗವನ್ನು ಕೆತ್ತಿ, ಟೊಳ್ಳಿನೊಳಗೆ ಐದಾರು ಸೆಂ.ಮೀ. ಇಳಿಸಿ, ಹೊರಗಿನಿಂದ ನೂಲು ಸುತ್ತಿ. ಗುರಿಯ ಮೊನೆಯನ್ನು ಇದರ ಮೇಲೆ ಕೂರಿಸಬಹುದು. ಕೊನೆಗೆ ಇಡೀ ಕಡ್ಡಿಗೆ ಅಗಸೆ ಎಣ್ಣೆ ಅಥವಾ ವಾರ್ನಿಶ್ ಎರಡು ಕೈ ಹಚ್ಚಿ, ಇಲ್ಲವಾದರೆ ಮಳೆಗಾಲದ ತೇವಕ್ಕೆ ಮತ್ತೆ ಸೊಟ್ಟಗಾಗುತ್ತದೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದುರಿ ಬಿಸಾಡಬೇಡಿ, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ.

ಪ್ರತಿ ಸಲ ಹೊಡೆಯುವ ಮುನ್ನ ಬಾಣದ ಎರಡು ತುದಿ ಹಿಡಿದು, ಮುಖದಿಂದ ದೂರ ಚಾಚಿ, ತುಸು ಬಾಗಿಸಿ ತಿರುಗಿಸಿ. ಕಿರ್ ಎಂಬ ಸಣ್ಣ ಸದ್ದು ಬಂದರೂ ಅದನ್ನು ಮುರಿದು ಹಾಕಿ. ಬಿರುಕು ಬಿಟ್ಟ ಬಾಣ ಬಿಲ್ಲಿನಿಂದ ಹೊರಡುವಾಗ ಸಿಡಿದರೆ ಸೀಳು ನೇರ ಬಿಲ್ಲು ಹಿಡಿದ ಕೈಗೆ ನುಗ್ಗುತ್ತದೆ. ಈ ಬಾಣಗಳನ್ನು ಕಾಂಪೌಂಡ್ ಬಿಲ್ಲಿನಿಂದ, ಅಂದರೆ ತುದಿಗಳಲ್ಲಿ ರಾಟೆ ಇರುವ ಆಧುನಿಕ ಬಿಲ್ಲಿನಿಂದ, ಎಂದಿಗೂ ಹೊಡೆಯಬೇಡಿ.

ಸ್ವಂತ ಮೆಳೆ

ಜಾಗ ಇರುವವರು ಬೇಲಿ ಬಿದಿರಿನ ನಾಲ್ಕು ಬುಡ ನೆಟ್ಟುಬಿಡಿ. ಹಳೆಯ ಮೆಳೆಯ ಅಂಚಿನಿಂದ ಎರಡು ಮೂರು ಗಳವಿರುವ ತುಂಡನ್ನು ಬೇರು ಗಡ್ಡೆ ಸಮೇತ ಕಿತ್ತು, ಗಳವನ್ನು ಎರಡಡಿಗೆ ಕತ್ತರಿಸಿ, ಜೂನ್ ಮಳೆ ಹಿಡಿದ ಮೇಲೆ ಒಂದು ಮೀಟರ್ ಅಂತರದಲ್ಲಿ ನೆಡಿ. ಮೊದಲ ಎರಡು ಬೇಸಿಗೆ ನೀರು ಕೊಡಿ, ಬುಡಕ್ಕೆ ತರಗೆಲೆ ಮುಚ್ಚಿ. ಪ್ರತಿ ವರ್ಷದ ಹೊಸ ಗಳಗಳಿಗೆ ಆ ವರ್ಷದ ಬಣ್ಣದ ಪೇಂಟಿನಿಂದ ಬುಡದಲ್ಲಿ ಒಂದು ಚುಕ್ಕೆ ಇಡಿ. ನಾಲ್ಕನೇ ಚಳಿಗಾಲದಲ್ಲಿ ಯಾವ ಬಣ್ಣದ್ದನ್ನು ಕಡಿಯಬೇಕು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.